ಪಟ್ಟಿ ಬಾಯಿಪಾಠ, ವಾಕ್ಯ ತಪ್ಪು: ಇಂಗ್ಲಿಷ್ ಪದಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು?

ಓದುಮನೆ ಹಾವೇರಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪದವಿ ಕೊನೆಯ ವರ್ಷದಲ್ಲಿರುವ ಹದಿನಾಲ್ಕು ಮಂದಿಯ ಗುಂಪಿಗೆ ಇಂಗ್ಲಿಷ್ ಪದಪಾಠ ನಡೀತಿದೆ. ಗುರಿ ಎಸ್‌ಎಸ್‌ಸಿ (ಕೇಂದ್ರ ಸರ್ಕಾರದ ಸಿಬ್ಬಂದಿ ನೇಮಕಾತಿ ಆಯೋಗ) ಪರೀಕ್ಷೆ. ಅದರ ಜೊತೆಗೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ತಡವರಿಸದೆ ಓದುವಂತಾಗಬೇಕು. ದಿನಕ್ಕೆ 40 ಪದ, ಪ್ರತಿ ಪದಕ್ಕೆ ಒಂದು ಇಂಗ್ಲಿಷ್ ಸಮಾನಾರ್ಥಕ, ಒಂದು ಕನ್ನಡ ಅರ್ಥ. ಕೇಳಿದರೆ ಪಟಪಟ ಹೇಳ್ತಾರೆ. ವಾಕ್ಯ ಬರೀರಿ ಅಂದ ತಕ್ಷಣ ಎಡವುತ್ತಾರೆ. ತಪ್ಪುಗಳನ್ನು ಗುಡ್ಡೆ ಹಾಕಿ ನೋಡಿದರೆ ಮೂರೇ ಬಗೆ ಕಾಣುತ್ತೆ.

ಮೊದಲನೆಯದು ರೂಪದ ತಪ್ಪು: ‘ಹಿ ಈಸ್ ಎ ವೆರಿ ಸಕ್ಸಸ್ ಮ್ಯಾನ್’. ಎರಡನೆಯದು ಸಮಾನಾರ್ಥಕದ ತಪ್ಪು: ಇಕ್ಕಟ್ಟಾದ ರಸ್ತೆಗೆ ‘ಥಿನ್ ರೋಡ್’ ಅಂತ ಬರೀತಾರೆ, ಯಾಕಂದ್ರೆ ಪಟ್ಟಿಯಲ್ಲಿ ಥಿನ್, ಸ್ಲಿಮ್, ನ್ಯಾರೋ ಮೂರೂ ಒಂದೇ ಸಾಲಿನಲ್ಲಿದ್ದವು. ಮೂರನೆಯದು, ರಿಲಕ್ಟಂಟ್ ಅಂದರೇನು ಅಂದ್ರೆ ಅನ್‌ವಿಲಿಂಗ್ ಅಂತಾರೆ, ಅನ್‌ವಿಲಿಂಗ್ ಅಂದರೇನು ಅಂದ್ರೆ ರಿಲಕ್ಟಂಟ್ ಅಂತಾರೆ. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು.

ಅರ್ಥವಿವರಣೆ, ಸಮಾನಾರ್ಥಕ, ಪದರೂಪ, ಇವುಗಳಲ್ಲಿ ಮೊದಲು ಯಾವುದು ಹಿಡಿಸಬೇಕು? ದಿನಕ್ಕೆ ಎಷ್ಟು ಪದ? ಯಾವ ಥರದ ನಿಘಂಟು? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ನಿಘಂಟುಪ್ರಿಯ

ಸರ್, ಮೂರನೆಯ ತಪ್ಪಿನಿಂದ ಶುರು ಮಾಡ್ತೀನಿ. ಅದು ಹುಡುಗರ ತಪ್ಪಲ್ಲ, ಪುಸ್ತಕದ್ದು. ಜೇಬುನಿಘಂಟುಗಳಲ್ಲಿ ಜಾಗ ಕಡಿಮೆ, ಹಾಗಾಗಿ ಒಂದು ಕಷ್ಟದ ಪದಕ್ಕೆ ಇನ್ನೊಂದು ಕಷ್ಟದ ಪದ ಕೊಟ್ಟು ಕೈತೊಳೆದುಕೊಳ್ತಾರೆ. ಪರಭಾಷೆಯಾಗಿ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಬೇರೆ ಜಾತಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ತನ್ನೆಲ್ಲ ವಿವರಣೆಗಳನ್ನು ಸುಮಾರು 2000 ಸುಲಭ ಪದಗಳೊಳಗೇ ಬರೆಯುವ ಕಟ್ಟುಪಾಡು ಹಾಕಿಕೊಂಡಿತು. ಆಕ್ಸ್‌ಫರ್ಡ್‌ನ ಕಲಿಯುವವರ ನಿಘಂಟಿನಲ್ಲಿ ಆ ಸಂಖ್ಯೆ 3000ದ ಆಸುಪಾಸು. 1987ರ ಕೋಬಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿವರಣೆಯನ್ನೇ ಪೂರ್ತಿ ವಾಕ್ಯವಾಗಿ ಕೊಟ್ಟಿತು: ‘ನೀವು ಹೀಗೆ ಮಾಡಿದರೆ ಅದಕ್ಕೆ ಈ ಪದ’ ಅನ್ನುವ ಧಾಟಿ. ಪದ ವಾಕ್ಯದಲ್ಲಿ ಹೇಗೆ ಕೂರುತ್ತೆ ಅನ್ನೋದು ಆ ವಿವರಣೆಯಲ್ಲೇ ಕಾಣುತ್ತೆ. ಮೂರಕ್ಕೂ ಅಂತರ್ಜಾಲದಲ್ಲಿ ಉಚಿತ ರೂಪ ಇದೆ, ಉಚ್ಚಾರಣೆಯೂ ಕೇಳಿಸುತ್ತೆ. ಗುಂಪಿಗೆ ಒಂದೇ ನಿಘಂಟು ಇಟ್ಟುಕೊಳ್ಳಿ. ದಿನಕ್ಕೊಂದು ಬದಲಾಯಿಸಿದರೆ ವಿವರಣೆಯ ಭಾಷೆಗೆ ಕಣ್ಣು ಪಳಗೋದಿಲ್ಲ.

ಇನ್ನು ವಿವರಣೆ ಓದುವ ಬಗೆ. ಒಳ್ಳೆಯ ವಿವರಣೆಯಲ್ಲಿ ಎರಡು ತುಂಡು ಇರುತ್ತೆ: ಇದು ಯಾವ ಜಾತಿ, ಜಾತಿಯ ಉಳಿದವುಗಳಿಗಿಂತ ಎಲ್ಲಿ ಬೇರೆ. ಗ್ಲಾನ್ಸ್, ಸ್ಟೇರ್, ಪೀಪ್, ಗ್ಲೇರ್ ನಾಲ್ಕರದ್ದೂ ಜಾತಿ ಒಂದೇ, ‘ನೋಡು’. ಬೇರೆ ಎಲ್ಲಿ? ಗ್ಲಾನ್ಸ್‌ನಲ್ಲಿ ಚುಟುಕು ಹೊತ್ತು, ಸ್ಟೇರ್‌ನಲ್ಲಿ ರೆಪ್ಪೆ ಬಡಿಯದ ದೀರ್ಘ ಹೊತ್ತು, ಪೀಪ್‌ನಲ್ಲಿ ಸಂದಿಯಿಂದ ಕದ್ದು ನೋಡುವುದು, ಗ್ಲೇರ್‌ನಲ್ಲಿ ಸಿಟ್ಟು. ವಿದ್ಯಾರ್ಥಿ ವಿವರಣೆ ಓದುವಾಗ ಜಾತಿಯ ಪದಕ್ಕೆ ಒಂದು ಗೆರೆ, ವ್ಯತ್ಯಾಸದ ಪದಕ್ಕೆ ಎರಡು ಗೆರೆ ಎಳೆಯಲಿ. ಈ ಎರಡು ಗೆರೆಯ ಜಾಗವನ್ನೇ ನೆನಪಿಡಬೇಕಾದ್ದು. ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿರುವುದೂ ಅದೇ.

ರಿಲಕ್ಟಂಟ್‌ಗೆ ಇದನ್ನು ಹಚ್ಚಿ. ಜಾತಿ: ಮನಸ್ಸಿಲ್ಲದಿರುವುದು. ವ್ಯತ್ಯಾಸ: ಹಿಂದೆಮುಂದೆ ನೋಡುತ್ತ ತಡಮಾಡುವುದು. ಅನ್‌ವಿಲಿಂಗ್ ಆದವನು ಆಗೋದಿಲ್ಲ ಅಂದುಬಿಡಬಹುದು, ರಿಲಕ್ಟಂಟ್ ಆದವನು ಗೊಣಗುತ್ತಲಾದರೂ ಕೊನೆಗೆ ಒಪ್ಪುವ ಸಾಧ್ಯತೆ ಇದೆ. ‘ರಿಲಕ್ಟಂಟ್ಲಿ ಅಗ್ರೀಡ್’ ಅನ್ನೋದು ಅಷ್ಟು ಸಹಜವಾಗಿ ಕೇಳಿಸುವುದು ಅದಕ್ಕೇ. ಕನ್ನಡದಲ್ಲಿ ‘ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ’. ಎಷ್ಟು ಸರಿಯಾಗಿ ಕೂರುತ್ತೆ ನೋಡಿ.

ಇದರಿಂದ ಕನ್ನಡ ಅರ್ಥ ಕೊಡಬೇಕೋ ಬೇಡವೋ ಅನ್ನುವ ಹಳೇ ಜಗಳಕ್ಕೂ ಉತ್ತರ ಸಿಗುತ್ತೆ. ಕಣ್ಣಿಗೆ ಕಾಣುವ, ಮೈಗೆ ತಾಗುವ ಕ್ರಿಯೆಗಳಿಗೆ ಕನ್ನಡವೇ ವಾಸಿ: ಗ್ಲಾನ್ಸ್‌ಗೆ ಕಣ್ಣಾಡಿಸು, ಪೀಪ್‌ಗೆ ಇಣುಕು, ಗ್ಲೇರ್‌ಗೆ ದುರುಗುಟ್ಟು. ಒಂದೇ ಏಟಿಗೆ ಅರ್ಥ ಒಳಗೆ ಇಳಿಯುತ್ತೆ. ಅಮೂರ್ತ ಪದಗಳಿಗೆ ಬಂದಾಗ ಎಚ್ಚರ ಬೇಕು. ‘ಸೂಕ್ಷ್ಮ’ ಅನ್ನೋ ಒಂದು ಪದದ ಹೊಟ್ಟೆಯೊಳಗೆ ಇಂಗ್ಲಿಷಿನ ನಾಲ್ಕು ಪದಗಳಿವೆ. ಸೂಕ್ಷ್ಮ ಮನಸ್ಸು ಸೆನ್ಸಿಟಿವ್, ಸೂಕ್ಷ್ಮ ವ್ಯತ್ಯಾಸ ಸಟಲ್, ಸೂಕ್ಷ್ಮ ಕಣ ಮೈನ್ಯೂಟ್, ಸೂಕ್ಷ್ಮ ಪರಿಸ್ಥಿತಿ ಡೆಲಿಕೇಟ್. ‘ಸಟಲ್ = ಸೂಕ್ಷ್ಮ’ ಅಂತ ಬರೆಸಿದರೆ ನಾಳೆ ‘ಸಟಲ್ ಬಾಯ್’ ಬರುತ್ತೆ. ಆದ್ದರಿಂದ ಅಮೂರ್ತ ಪದಕ್ಕೆ ಬಿಡಿ ಕನ್ನಡ ಪದ ಬೇಡ, ಎರಡು ಪದದ ಜೋಡಿ ಕೊಡಿ: ‘ಸಟಲ್ ಡಿಫರೆನ್ಸ್ = ಸೂಕ್ಷ್ಮ ವ್ಯತ್ಯಾಸ’.

ಕನ್ನಡದಿಂದ ಇಂಗ್ಲಿಷಿಗೆ ಹೋಗಬೇಕಾದಾಗ ‘ಅಲರ್’ ಜಾಲನಿಘಂಟು ಚೆನ್ನಾಗಿದೆ. ಒಂದು ಕನ್ನಡ ಪದದ ಬೇರೆ ಬೇರೆ ಅರ್ಥಗಳನ್ನು ಬಿಡಿಬಿಡಿಯಾಗಿ ಎಣಿಸಿ ಕೊಡುತ್ತೆ. ‘ಸೂಕ್ಷ್ಮ’ದಂಥ ಪದಗಳನ್ನು ಅಲ್ಲಿ ಹುಡುಕಿಸಿ, ಸಿಕ್ಕಿದ ಇಂಗ್ಲಿಷ್ ಪದವನ್ನು ಮತ್ತೆ ಕಲಿಯುವವರ ನಿಘಂಟಿನಲ್ಲಿ ನೋಡಿಸಿ. ಈ ಎರಡನೇ ಹೆಜ್ಜೆ ಬಿಟ್ಟರೆ ಮೊದಲನೆಯದು ವ್ಯರ್ಥ.

ಶಾಲ್ಮಲಾ ಧಾರವಾಡ

ನೋಡ್ರಿ ಸರ್, ‘ವೆರಿ ಸಕ್ಸಸ್ ಮ್ಯಾನ್’ ಯಾಕ ಬರ್ತದ ಅನ್ನೋದು ಮೊದಲು ತಿಳೀಬೇಕು. ನಾವು ಕನ್ನಡದೊಳಗ ಇಂಗ್ಲಿಷ್ ಪದ ಬಳಸೋವಾಗ ಹಿಂದೆ ‘ಆಗು’ ಇಲ್ಲಾ ‘ಮಾಡು’ ಹಚ್ಚಿಬಿಡ್ತೀವಿ. ಸಕ್ಸಸ್ ಆದ, ಡಿಸೈಡ್ ಮಾಡಿದ, ಸೆಲೆಕ್ಟ್ ಆದ, ಸೆಲೆಕ್ಷನ್ ಆಯ್ತು. ಸೆಲೆಕ್ಟ್ ಕ್ರಿಯಾಪದ, ಸೆಲೆಕ್ಷನ್ ನಾಮಪದ, ಆದರ ಎರಡಕ್ಕೂ ‘ಆಗು’ ಒಗ್ಗಿಬಿಡ್ತದ. ವಾಕ್ಯದ ಭಾರ ಎಲ್ಲಾ ‘ಆಗು-ಮಾಡು’ ಹೊರ್ತಾವ, ಇಂಗ್ಲಿಷ್ ಪದ ಯಾವ ರೂಪದಾಗಿದ್ರೂ ನಡೀತದ. ಇಂಗ್ಲಿಷ್ ವಾಕ್ಯಕ್ಕ ಬಂದ ಕೂಡಲೆ ಆ ಊರುಗೋಲು ಇಲ್ಲ, ಪದದ ಬಾಲವೇ ಆ ಕೆಲಸ ಮಾಡಬೇಕು.

ಇದಕ್ಕೆ ಒಂದು ಅಭ್ಯಾಸ. ಮನೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ಹತ್ತು ‘ಆಗು-ಮಾಡು’ ಮಾತುಗಳನ್ನು ಬರೆದುಕೊಂಡು ಬರಲಿ: ಕನ್‌ಫ್ಯೂಸ್ ಆಯ್ತು, ಅಪ್ಲೈ ಮಾಡಿದೆ, ಅಡ್ಮಿಷನ್ ಆಯ್ತು, ಸಕ್ಸಸ್ ಆಯ್ತು. ಒಂದೊಂದಕ್ಕೂ ಮೂರು ಇಂಗ್ಲಿಷ್ ವಾಕ್ಯ. ಒಂದರಲ್ಲಿ ಆ ಪದ ಕ್ರಿಯಾಪದವಾಗಿ, ಒಂದರಲ್ಲಿ ನಾಮಪದವಾಗಿ, ಒಂದರಲ್ಲಿ ವಿಶೇಷಣವಾಗಿ ಬರಬೇಕು. ‘ದೆ ಸಕ್ಸೀಡೆಡ್’, ‘ಇಟ್ ವಾಸ್ ಎ ಸಕ್ಸಸ್’, ‘ಎ ಸಕ್ಸೆಸ್‌ಫುಲ್ ಫಾರ್ಮರ್’. ಎರಡು ವಾರದಲ್ಲಿ ಈ ಬಗೆಯ ತಪ್ಪು ಬಹಳ ಇಳಿಯುತ್ತೆ.

ಪದರೂಪಕ್ಕೆ ಒಂದು ಕುಟುಂಬವನ್ನು ಪೂರ್ತಿ ಬಿಚ್ಚಿ ತೋರಿಸ್ತೀನಿ. ‘ವೆರೈಟಿ’ ಪ್ರತಿ ಸೀರೆ ಅಂಗಡಿಯಲ್ಲೂ ಕೇಳುವ ಮಾತು, ಅದರ ಮನೆಯವರೆಲ್ಲ ಯಾರು ನೋಡಿ.

ಕ್ರಿಯಾಪದ: ವೇರಿ. ಬದಲಾಗು, ಬೇರೆಬೇರೆಯಾಗಿರು. ‘ಪ್ರೈಸಸ್ ವೇರಿ ಫ್ರಂ ಶಾಪ್ ಟು ಶಾಪ್’. (ದೀರ್ಘ ವೇ. ಹ್ರಸ್ವದ ‘ವೆರಿ’ ಬೇರೆ ಪದ, ಕಾಗುಣಿತವೂ ಬೇರೆ, ಅಲ್ಲಿ ಎ ಅಕ್ಷರದ ಬದಲು ಇ.)
ನಾಮಪದ: ವೆರೈಟಿ, ಬಗೆ ಅಥವಾ ವೈವಿಧ್ಯ. ವೇರಿಯೇಷನ್, ಏರುಪೇರು. ವೇರಿಯಂಟ್, ಮೂಲದಿಂದ ಸ್ವಲ್ಪ ಬದಲಾದ ರೂಪ. ಗಣಿತದ ವೇರಿಯಬಲ್, ಚರ.
ವಿಶೇಷಣ: ವೇರಿಯಸ್, ಹಲವು ಬಗೆಯ, ಮುಂದೆ ಬಹುವಚನ ಬೇಕು. ವೇರೀಡ್, ಒಳಗೇ ವೈವಿಧ್ಯ ಇರುವಂಥದ್ದು. ‘ಎ ವೇರೀಡ್ ಡಯಟ್’. ವೇರಿಯಬಲ್, ಒಂದೇ ಸಮ ಇರದ.
ಕ್ರಿಯಾವಿಶೇಷಣ: ಇನ್‌ವೇರಿಯಬ್ಲಿ, ಪ್ರತಿ ಸಲವೂ ತಪ್ಪದೆ.

ನಾಲ್ಕು ಖಾನೆ ಹಾಕಿಸಿ. ಆದರೆ ಎಲ್ಲ ಖಾನೆ ತುಂಬಲೇಬೇಕು ಅಂತ ಒತ್ತಾಯ ಬೇಡ. ಒತ್ತಾಯ ಮಾಡಿದರೆ ಹುಡುಗರು ಪದ ಹುಟ್ಟಿಸುತ್ತಾರೆ. ನಿಘಂಟಿನಲ್ಲಿ ಇಲ್ಲದಿದ್ದರೆ ಖಾನೆಗೆ ಅಡ್ಡಗೆರೆ. ಕುಟುಂಬದಲ್ಲಿ ಏಳೆಂಟು ಮಂದಿ ಇದ್ದರೂ ಮೊದಲ ದಿನ ಮೂರಕ್ಕೇ ನಿಲ್ಲಿಸಿ, ಉಳಿದವು ಓದಿನಲ್ಲಿ ಎದುರಾದಾಗ ಅದೇ ಪುಟಕ್ಕೆ ಸೇರಲಿ. ಅದಕ್ಕೆ ಪುಟದಲ್ಲಿ ಅರ್ಧ ಜಾಗ ಖಾಲಿ ಬಿಟ್ಟಿರಬೇಕು.

ಬಾಲ ನೋಡಿ ಜಾತಿ ಗುರುತಿಸುವುದು ಸುಲಭ: ನೆಸ್, ಇಟಿ, ಷನ್, ಮೆಂಟ್ ಬಂದರೆ ನಾಮಪದ. ಫೈ, ಐಝ್ ಬಂದರೆ ಕ್ರಿಯಾಪದ. ವೈಡನ್, ಶಾರ್ಟನ್, ಸ್ಟ್ರೆಂಥನ್‌ಗಳ ‘ಎನ್’ ಕೂಡ ಹಾಗೇ. ಫುಲ್, ಲೆಸ್, ಅಸ್, ಇವ್, ಅಬಲ್ ವಿಶೇಷಣ. ‘ಲಿ’ ಸಾಮಾನ್ಯವಾಗಿ ಕ್ರಿಯಾವಿಶೇಷಣ, ಆದರೆ ಫ್ರೆಂಡ್ಲಿ, ಕಾಸ್ಟ್ಲಿ, ಲವ್ಲಿ ವಿಶೇಷಣಗಳು, ಇಲ್ಲಿ ಬಹಳ ಮಂದಿ ಜಾರುತ್ತಾರೆ.

ಒಳಗಿನ ಸ್ವರ ಬದಲಾಗುವುದನ್ನು ಕಂಡು ಹುಡುಗರು ಗಾಬರಿಯಾಗ್ತಾರೆ: ಲಾಂಗ್ ಇದ್ದದ್ದು ಲೆಂಥ್, ಸ್ಟ್ರಾಂಗ್ ಇದ್ದದ್ದು ಸ್ಟ್ರೆಂಥ್. ಸುಂದರ ಇದ್ದದ್ದು ಸೌಂದರ್ಯ, ಧೀರ ಇದ್ದದ್ದು ಧೈರ್ಯ, ಉದಾರ ಇದ್ದದ್ದು ಔದಾರ್ಯ ಆಗೋದಿಲ್ಲವೇ ಅಂತ ಕೇಳಿ. ವ್ಯಂಜನಕ್ಕೂ ಅಷ್ಟೇ. ಎಲೆಕ್ಟ್ರಿಕ್‌ನ ‘ಕ್’ ಎಲೆಕ್ಟ್ರಿಸಿಟಿಯಲ್ಲಿ ‘ಸ’ ಆಗುತ್ತೆ. ಯೋಗ-ಯೋಜನೆ, ಭೋಗ-ಭೋಜನದಲ್ಲಿ ‘ಗ’ ‘ಜ’ ಆದ ಹಾಗೆ. ನಿಷೇಧದ ‘ಇನ್’ ಕೂಡ ಸಂಧಿಯ ಪಾಠವೇ. ಇನ್+ಲೀಗಲ್ ಇಲ್ಲೀಗಲ್ ಆಗೋದು, ತತ್+ಲೀನ ತಲ್ಲೀನ ಆಗೋದು, ಎರಡೂ ಒಂದೇ ಬಗೆಯ ಕ್ರಿಯೆ. ಮುಂದೆ ಪಿ, ಬಿ, ಎಂ ಇದ್ದರೆ ‘ಇಮ್’: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮಾರಲ್. ಆರ್ ಇದ್ದರೆ ‘ಇರ್’: ಇರ್‌ರೆಗ್ಯುಲರ್. ‘ಅನ್’ ಮಾತ್ರ ಯಾರಿಗೂ ಬಗ್ಗೋದಿಲ್ಲ: ಅನ್‌ಲಾಫುಲ್, ಅನ್‌ರಿಯಲ್, ಅನ್‌ಪಾಪ್ಯುಲರ್. ಕನ್ನಡ ವ್ಯಾಕರಣ ಓದಿ ಬಂದ ಹುಡುಗರಿಗೆ ಇದು ಹೊಸದಲ್ಲ. ಅವರ ಕೈಯಲ್ಲಿ ಆಗಲೇ ಇರುವ ವಿದ್ಯೆ ಅಂತ ತೋರಿಸಿಕೊಡೋದು ಮೇಷ್ಟ್ರ ಕೆಲಸ.

ಒಂದು ಕಡೆ ಮಾತ್ರ ನಿಯಮ ಕೈಕೊಡುತ್ತೆ, ಪರೀಕ್ಷೆಯವರಿಗೂ ಅದು ಗೊತ್ತು. ವಿಶೇಷಣಕ್ಕೆ ‘ಅನ್’, ಅದರ ನಾಮಪದಕ್ಕೆ ‘ಇನ್’: ಅನೇಬಲ್ ಆದರೆ ಇನೆಬಿಲಿಟಿ, ಅನ್‌ಈಕ್ವಲ್ ಆದರೆ ಇನ್‌ಈಕ್ವಾಲಿಟಿ, ಅನ್‌ಸ್ಟೇಬಲ್ ಆದರೆ ಇನ್‌ಸ್ಟೆಬಿಲಿಟಿ, ಅನ್‌ಜಸ್ಟ್ ಆದರೆ ಇನ್‌ಜಸ್ಟಿಸ್. ಈ ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಿಸಿ.

ಮಲೆನಾಡ ಮೇಷ್ಟ್ರು

ಸಮಾನಾರ್ಥಕದ ಬಗ್ಗೆ ನನ್ನ ಎರಡು ಮಾತು. ‘ಸಮಾನ’ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. ಪಾಠ ಶುರು ಮಾಡೋ ಮುಂಚೆ ಇಂಗ್ಲಿಷ್ ಬದಿಗಿಟ್ಟು ಕನ್ನಡದ ಒಂದು ಪ್ರಶ್ನೆ ಕೇಳಿ. ಸೀರೆ ಏನು ಮಾಡ್ತಾರೆ? ಉಡ್ತಾರೆ. ಅಂಗಿ? ತೊಡ್ತಾರೆ. ಹೂವು? ಮುಡೀತಾರೆ. ಕುಂಕುಮ? ಇಡ್ತಾರೆ. ಚಪ್ಪಲಿ? ಮೆಟ್ತಾರೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ವೇರ್’ ಒಂದೇ ಸಾಕು. ನಿಘಂಟು ನೋಡಿ ಕನ್ನಡ ಕಲಿತ ಯಾರೋ ‘ಹೂವು ಉಟ್ಟಳು’ ಅಂದರೆ ನಮಗೆ ಎಷ್ಟು ಕಿರಿಕಿರಿ ಆಗುತ್ತೋ, ‘ಥಿನ್ ರೋಡ್’ ಕೇಳಿದ ಇಂಗ್ಲಿಷಿನವರಿಗೂ ಅಷ್ಟೇ. ಪ್ರತಿ ಪದಕ್ಕೂ ಅದರದ್ದೇ ನಂಟರಿದ್ದಾರೆ ಅನ್ನೋದು ಈ ಒಂದು ಉದಾಹರಣೆಯಿಂದ ಹುಡುಗರ ಮನಸ್ಸಿಗೆ ನಾಟುತ್ತೆ.

ಹಾಗಾಗಿ ಸಮಾನಾರ್ಥಕವನ್ನು ಪದದ ಎದುರಿಗೆ ಬರೆಸಬೇಡಿ, ನಂಟನ ಜೊತೆ ಬರೆಸಿ. ನ್ಯಾರೋ: ರೋಡ್, ಬ್ರಿಜ್, ಎಸ್ಕೇಪ್. ಥಿನ್: ಪೇಪರ್, ಸ್ಲೈಸ್, ಹೇರ್. ಸ್ಲಿಮ್: ವೇಸ್ಟ್ (ಸೊಂಟ), ಚಾನ್ಸ್. ಜೋರು ಮಳೆಗೆ ‘ಹೆವಿ ರೇನ್’, ಜೋರು ಗಾಳಿಗೆ ‘ಸ್ಟ್ರಾಂಗ್ ವಿಂಡ್’. ಕನ್ನಡದಲ್ಲಿ ಎರಡಕ್ಕೂ ‘ಜೋರು’ ಸಾಲುವುದರಿಂದ ‘ಸ್ಟ್ರಾಂಗ್ ರೇನ್’ ಹುಟ್ಟಿಕೊಳ್ಳುತ್ತೆ. ‘ಬಿಗ್ ಮಿಸ್ಟೇಕ್’ ಸರಿ, ‘ಲಾರ್ಜ್ ಮಿಸ್ಟೇಕ್’ ಯಾರೂ ಅನ್ನೋದಿಲ್ಲ.

ನಂಟು ಗೊತ್ತಾದ ಮೇಲೆ ಮೂರು ಪ್ರಶ್ನೆ. ತೀವ್ರತೆ ಎಷ್ಟು? ವಾರ್ಮ್, ಹಾಟ್, ಸ್ಕಾರ್ಚಿಂಗ್: ಬೆಚ್ಚಗೆ, ಬಿಸಿ, ಸುಡುಬಿಸಿ. ಹೊಗಳಿಕೆಯೋ ತೆಗಳಿಕೆಯೋ? ಥ್ರಿಫ್ಟಿ ಅಂದರೆ ಹಿಡಿತದಿಂದ ಖರ್ಚು ಮಾಡುವವನು, ಸ್ಟಿಂಜಿ ಅಂದರೆ ಜಿಪುಣ. ಫೇಮಸ್ ಅಂದರೆ ಹೆಸರುವಾಸಿ, ನಟೋರಿಯಸ್ ಅಂದರೆ ಕುಖ್ಯಾತ. ಪರಿಮಳಕ್ಕೂ ನಾತಕ್ಕೂ ಇರುವ ಅಂತರ ಫ್ರೇಗ್ರನ್ಸ್‌ಗೂ ಸ್ಟೆಂಚ್‌ಗೂ ಇದೆ, ನಡುವೆ ವಾಸನೆಯ ಹಾಗೆ ಸ್ಮೆಲ್ ನಿಂತಿದೆ.

ಮೂರನೆಯ ಪ್ರಶ್ನೆ, ಮನೆಯ ಮಾತೋ ಕಚೇರಿಯ ಮಾತೋ. ಇದರ ಹಿಂದೆ ಚರಿತ್ರೆ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ಕೂತಿತು. ವಿದ್ವಾಂಸರ ಮೂಲಕ ಲ್ಯಾಟಿನ್ ಇಳಿಯಿತು. ಅದಕ್ಕೇ ಒಂದೇ ಅರ್ಥಕ್ಕೆ ಮೂರು ಮಹಡಿ: ಕಿಂಗ್ಲಿ, ರಾಯಲ್, ರೀಗಲ್. ಆಸ್ಕ್, ಕ್ವೆಶ್ಚನ್, ಇಂಟರಾಗೇಟ್. ಕೆಳಗಿನದು ಮನೆಮಾತು, ಮೇಲೆ ಹೋದಂತೆ ಗಾಂಭೀರ್ಯ. ಕನ್ನಡಿಗರಿಗೆ ಇದನ್ನು ವಿವರಿಸೋದು ಎಷ್ಟು ಸುಲಭ! ನೀರು-ಜಲ, ಹಾಲು-ಕ್ಷೀರ, ಮನೆ-ಗೃಹ. ‘ಗೃಹಪ್ರವೇಶ’ಕ್ಕೆ ಕರೀತೀವಿ, ಆದರೆ ‘ಗೃಹಕ್ಕೆ ಹೋಗಿ ಊಟ ಮಾಡ್ತೀನಿ’ ಅನ್ನೋದಿಲ್ಲ. ಹಾಗೇ ‘ಬೈ’ ಬಿಟ್ಟು ಎಲ್ಲೆಂದರಲ್ಲಿ ‘ಪರ್ಚೇಸ್’, ‘ಸ್ಟಾರ್ಟ್’ ಬಿಟ್ಟು ‘ಕಮೆನ್ಸ್’ ಬರೆದರೆ ಇಂಗ್ಲಿಷ್ ಉಬ್ಬಸಪಡುತ್ತೆ.

ಒಂದು ಭಿನ್ನಾಭಿಪ್ರಾಯ, ನಿಘಂಟುಪ್ರಿಯ ಅವರೇ. ಗ್ಲಾನ್ಸ್, ಸ್ಟೇರ್, ಪೀಪ್, ಗ್ಲೇರ್ ನಾಲ್ಕನ್ನೂ ಒಂದೇ ದಿನ ಹೊಸದಾಗಿ ಕಲಿಸಬಾರದು. ಅರ್ಥ ಹತ್ತಿರ, ರೂಪವೂ ಹತ್ತಿರ, ಎರಡೂ ಸೇರಿ ಕಲಸುಮೇಲೋಗರ ಆಗುತ್ತೆ. ಗ್ಲಾನ್ಸ್ ಯಾವುದು ಗ್ಲೇರ್ ಯಾವುದು ಅಂತ ಪರೀಕ್ಷೆಯ ದಿನ ತಲೆ ಕೆರೆದುಕೊಳ್ತಾರೆ. ಅಫೆಕ್ಟ್-ಇಫೆಕ್ಟ್, ಕಾಂಪ್ಲಿಮೆಂಟ್‌ನ ಎರಡು ಕಾಗುಣಿತ, ಸ್ಟೇಷನರಿಯ ಎರಡು ಕಾಗುಣಿತ, ಇವೂ ಜೋಡಿಯಾಗಿ ಕಲಿಸಿದ್ದರಿಂದಲೇ ಜೀವನವಿಡೀ ಗೊಂದಲವಾಗಿ ಉಳಿಯುತ್ತವೆ. ಒಂದನ್ನು ಗಟ್ಟಿ ಮಾಡಿಸಿ, ಮೂರು ವಾರ ಬಿಟ್ಟು ಇನ್ನೊಂದು.

ನಿಘಂಟುಪ್ರಿಯ

ಒಪ್ಪಿದೆ ಮೇಷ್ಟ್ರೇ. ಆ ನಾಲ್ಕನ್ನು ಹೋಲಿಸಬೇಕಾದ್ದು ನಾಲ್ಕೂ ಬೇರೆ ಬೇರೆ ವಾರ ಬಂದು ಹೋದ ಮೇಲೆ, ಪುನರಾವರ್ತನೆಯ ಪಾಠವಾಗಿ. ಮೊದಲ ಪರಿಚಯಕ್ಕೆ ಬೇಡ.

ಓದುಮನೆ ಹಾವೇರಿ

ಮೂವರಿಗೂ ತುಂಬಾ ಧನ್ಯವಾದ. ‘ಆಗು-ಮಾಡು’ ಕಾರಣ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ದಿನಕ್ಕೆ 40ರ ಬದಲು ಎಷ್ಟು? ಎರಡನೆಯದು, ಲ್ಯಾಟಿನ್ ಗ್ರೀಕ್ ಧಾತುಗಳನ್ನು ಕಲಿಸಿದರೆ ಒಂದೇ ಕಲ್ಲಿಗೆ ಹತ್ತು ಹಕ್ಕಿ ಅಂತ ಕೆಲವರು ಹೇಳ್ತಾರೆ, ಅದು ಎಷ್ಟು ನಿಜ?

ಲೆಕ್ಕದ ಅಕ್ಕ

ಎಣಿಕೆಯ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ದಿನಕ್ಕೆ 8 ಹೊಸ ಪದ, ವಾರಕ್ಕೆ 5 ದಿನ. ಆರನೇ ದಿನ ಹೊಸದು ಬೇಡ, ಓದು ಮಾತ್ರ. ಏಳನೇ ದಿನ ಪರೀಕ್ಷೆ. ವಾರಕ್ಕೆ 40 ಆಯ್ತು. ಒಂದೊಂದಕ್ಕೆ ಮೂರು ರೂಪ ಹಿಡಿದರೆ 120 ರೂಪಗಳು. ಈಗ ನಿಮ್ಮಲ್ಲಿ ದಿನಕ್ಕೆ ಬರುತ್ತಿರುವಷ್ಟೇ ಮೂಲಪದ ಇಲ್ಲಿ ವಾರಕ್ಕೆ ಬರುತ್ತೆ, ಕಡಿಮೆ ಅನ್ನಿಸಬಹುದು. ಆದರೆ ಮರುಭೇಟಿಯ ಲೆಕ್ಕ ಹಾಕಿ ನೋಡಿ.

ಪ್ರತಿ ಪದವನ್ನು ಕಲಿತ ಮೇಲೆ 1, 3, 7, 21ನೇ ದಿನ ಮತ್ತೆ ನೋಡಬೇಕು ಅಂದುಕೊಳ್ಳಿ. ದಿನಕ್ಕೆ 8 ಹೊಸದಾದರೆ ಮರುಭೇಟಿ ಹೆಚ್ಚೆಂದರೆ 32, ಪದಕ್ಕೊಂದು ಅಭ್ಯಾಸದ ಚೀಟಿ ಅಂದರೆ ಒಟ್ಟು 40 ಚೀಟಿ. ಚೀಟಿಗೆ 40 ಸೆಕೆಂಡ್ ಅಂದರೂ 27 ನಿಮಿಷ. ಇದು ನಡೆಯುತ್ತೆ. ದಿನಕ್ಕೆ 40 ಹೊಸದಾದರೆ ಮರುಭೇಟಿ 160, ಒಟ್ಟು 200 ಚೀಟಿ, ಎರಡು ಗಂಟೆ ಮೇಲೆ. ಯಾರೂ ಮಾಡೋದಿಲ್ಲ. ಮರುಭೇಟಿ ಬಿಡ್ತಾರೆ, ತಿಂಗಳಲ್ಲಿ ಹಳೆಯದು ಉದುರಿಹೋಗುತ್ತೆ. ಪದ ಮರೆಯುವುದು ಬುದ್ಧಿ ಮಂದವಾಗಿ ಅಲ್ಲ, ಈ ಗುಣಾಕಾರ ಹಾಕದೆ ಪಟ್ಟಿ ಉದ್ದ ಮಾಡಿದ್ದರಿಂದ.

ಚೀಟಿಯ ಮುಂದೆ ಪದ, ಹಿಂದೆ ಅರ್ಥ ಬರೆಸಬೇಡಿ. ಮುಂದೆ ಬಿಟ್ಟಸ್ಥಳವಿರುವ ವಾಕ್ಯ, ಪದದ ಮೊದಲ ಅಕ್ಷರ, ಕನ್ನಡ ಸುಳಿವು. ಹಿಂದೆ ಪೂರ್ತಿ ಪದ, ನುಡಿಯುವಾಗ ಒತ್ತು ಬೀಳುವ ಅಕ್ಷರಕ್ಕೆ ಅಡಿಗೆರೆ, ಮತ್ತೆರಡು ರೂಪ. ಆಗ ಪ್ರತಿ ಸಲವೂ ರೂಪ ಆರಿಸುವ ಕೆಲಸ ತಲೆಗೆ ಬೀಳುತ್ತೆ. ಫೋನಿನಲ್ಲಾದರೆ ಆಂಕಿ ಅನ್ನೋ ಚೀಟಿ ಆ್ಯಪ್ ಸಾಕು, ದಿನದ ಲೆಕ್ಕ ಅದೇ ನೋಡಿಕೊಳ್ಳುತ್ತೆ. ಆದರೆ ಬೇರೆಯವರು ಮಾಡಿಟ್ಟ ಚೀಟಿ ಇಳಿಸಿಕೊಳ್ಳೋದು ಬೇಡ. ಬರೆಯುವಾಗಲೇ ಅರ್ಧ ಕಲಿಕೆ ಆಗಿರುತ್ತೆ.

ಒತ್ತಿನ ಮಾತು ಬಂದದ್ದಕ್ಕೆ ಹೇಳ್ತೀನಿ. ಕನ್ನಡದಲ್ಲಿ ಅಕ್ಷರಗಳನ್ನು ಹೆಚ್ಚುಕಮ್ಮಿ ಒಂದೇ ತೂಕದಲ್ಲಿ ನುಡೀತೀವಿ, ಇಂಗ್ಲಿಷಿನಲ್ಲಿ ಹಾಗಲ್ಲ. ಷನ್, ಇಕ್, ಇಟಿ ಬಾಲ ಬಂದರೆ ಒತ್ತು ಸಾಧಾರಣವಾಗಿ ಅದಕ್ಕೆ ಸರಿಯಾಗಿ ಹಿಂದಿನ ಅಕ್ಷರಕ್ಕೆ ಜಿಗಿಯುತ್ತೆ. ಇಕಾನಮಿಯಲ್ಲಿ ‘ಕಾ’ ಮೇಲೆ, ಎಕನಾಮಿಕ್‌ನಲ್ಲಿ ‘ನಾ’ ಮೇಲೆ. ಆ್ಯಕ್ಟಿವ್‌ನಲ್ಲಿ ಮೊದಲಿಗೆ, ಆ್ಯಕ್ಟಿವಿಟಿಯಲ್ಲಿ ‘ಟಿವ್’ ಮೇಲೆ. ಫೋಟೋಗ್ರಾಫ್‌ಗೆ ಮೊದಲ ಅಕ್ಷರ, ಫೋಟೋಗ್ರಾಫಿಕ್‌ಗೆ ‘ಗ್ರಾ’. ಒತ್ತು ಗೊತ್ತಿಲ್ಲದಿದ್ದರೆ ಓದುವಾಗ ತಿಳಿದ ಪದವೇ ಕೇಳುವಾಗ ಅಪರಿಚಿತವಾಗುತ್ತೆ.

ಯಾವ ಪದಗಳು ಅನ್ನೋದಕ್ಕೆ: ಮೈಕಲ್ ವೆಸ್ಟ್ 1953ರಲ್ಲಿ ಕೊಟ್ಟ ಸುಮಾರು 2000 ಮೂಲಪದಗಳ ಪಟ್ಟಿಯಿಂದ ಆರಂಭಿಸಿ. ಅವರು ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವ ಪ್ರಯೋಗ ಮಾಡಿದವರು, ನಮ್ಮಂಥ ಕಲಿಯುವವರ ಕಷ್ಟವನ್ನು ಹತ್ತಿರದಿಂದ ಕಂಡವರು. ಪಟ್ಟಿ ಹಳೆಯದು, ಕಂಪ್ಯೂಟರ್‌ನಂಥ ಪದ ಅದರಲ್ಲಿ ಸಿಗೋದಿಲ್ಲ, ಆದರೂ ತಳಪಾಯಕ್ಕೆ ಸಾಕು. ಗೊತ್ತಿರುವುದಕ್ಕೆ ಗುರುತು ಹಾಕಿಸಿ, ಇಲ್ಲದ್ದನ್ನು ಮಾತ್ರ ಕಲಿಸಿ. ಆಮೇಲೆ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಬರಹದ ಪದಗಳ ಪಟ್ಟಿ: 570 ಪದಕುಟುಂಬ, ಹತ್ತು ಭಾಗ, ಮೊದಲ ಒಂಬತ್ತರಲ್ಲಿ 60ರಂತೆ, ಕೊನೆಯದರಲ್ಲಿ 30. ಕುಟುಂಬದ ಲೆಕ್ಕದಲ್ಲೇ ಕಟ್ಟಿರುವುದರಿಂದ ಶಾಲ್ಮಲಾ ಅವರ ನಾಲ್ಕು ಖಾನೆಗೆ ನೇರ ಹೊಂದುತ್ತೆ. ವಾರಕ್ಕೆ 40ರಂತೆ 570 ಮುಗಿಯೋಕೆ 15 ವಾರ ಹಿಡಿಯದು. ಸಂಪಾದಕೀಯಗಳಿಗೆ ಬೇಕಾದ ಪದಗಳು ಬಹಳಷ್ಟು ಇದರಲ್ಲೇ ಇವೆ.

ಎಸ್‌ಎಸ್‌ಸಿಗೆ ಇದು ಸಾಲದು ಅನ್ನೋದೂ ನಿಜ. ಸಿಜಿಎಲ್ (ಪದವೀಧರರಿಗಾಗಿ ಎಸ್‌ಎಸ್‌ಸಿ ನಡೆಸುವ ಪರೀಕ್ಷೆ) ಮೊದಲ ಹಂತದಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ಸಮಾನಾರ್ಥಕ, ವಿರುದ್ಧಪದ, ಒಂದು ನುಡಿಗಟ್ಟಿಗೆ ಒಂದೇ ಪದ, ಇಲ್ಲೆಲ್ಲ ಅಪರೂಪದ ಪದಗಳು ಬರ್ತವೆ. ಅವುಗಳನ್ನು ಹಳೆಯ ಪ್ರಶ್ನೆಪತ್ರಿಕೆಗಳಿಂದ ಆರಿಸಿ, ದಿನದ 8ರಲ್ಲಿ 2 ಜಾಗ ಕೊಡಿ, ಆಗ ಮೇಲಿನ 570ಕ್ಕೆ 19 ವಾರ ಹಿಡಿಯುತ್ತೆ. ಗುರುತು ಹಿಡಿದರೆ ಸಾಕು, ವಾಕ್ಯ ಬರೆಸುವ ಶ್ರಮ ಇವಕ್ಕೆ ಬೇಡ.

ಧಾತುಗಳ ಬಗ್ಗೆ: ಕಲಿತ ಪದವನ್ನು ನೆನಪಿನಲ್ಲಿ ನಿಲ್ಲಿಸೋಕೆ ಒಳ್ಳೆಯ ಗೂಟ, ಹೊಸ ಪದದ ಅರ್ಥ ಊಹಿಸೋಕೆ ಕೆಟ್ಟ ದಿಕ್ಸೂಚಿ. ಸ್ಪೆಕ್ಟೇಟರ್, ಇನ್‌ಸ್ಪೆಕ್ಟ್ ಎರಡರಲ್ಲೂ ‘ನೋಡು’ ಇದೆ, ಚೆನ್ನಾಗಿದೆ. ಆದರೆ ಇನ್‌ವ್ಯಾಲ್ಯುಬಲ್ ಅಂದರೆ ಬೆಲೆ ಇಲ್ಲದ್ದು ಅಂತ ಊಹಿಸಿದರೆ ಕೆಟ್ಟಿರಿ, ಅದು ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತದ್ದಲ್ಲ, ಬೇಗ ಹತ್ತುವಂಥದ್ದು. ಇನ್‌ಫಮಸ್ ಅಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರಿನವನು. ಪೆಡಲ್‌ನ ‘ಪೆಡ್’ ಲ್ಯಾಟಿನ್ನಿನ ಪಾದ, ಪೀಡಿಯಾಟ್ರಿಕ್‌ನದ್ದು ಗ್ರೀಕಿನ ಮಗು. ತಿಂಗಳಿಗೆ ನಾಲ್ಕು ಧಾತು ಸಾಕು, ಅದೂ ಆ ಧಾತುವಿನ ಮೂರು ಪದ ಮೊದಲೇ ಗೊತ್ತಿರುವಾಗ.

ಓದುಮನೆ ಹಾವೇರಿ

ಗುಂಪಿನ ಜೊತೆ ಒಂದು ಪುಟ ಮಾಡಿ ನೋಡಿದ್ದಾಯ್ತು. ತಪ್ಪಿದ್ದರೆ ತಿದ್ದಿ.

ಬೆನಿಫಿಟ್. ಜಾತಿ: ಒಳ್ಳೆಯದು, ಲಾಭ. ವ್ಯತ್ಯಾಸ: ಯಾವುದೋ ಒಂದರಿಂದ ನಮಗೆ ಸಿಗುವಂಥದ್ದು.
ನಾಮಪದ: ಬೆನಿಫಿಟ್, ವ್ಯಕ್ತಿಗೆ ಬೆನಿಫಿಶಿಯರಿ, ಫಲಾನುಭವಿ. ಕ್ರಿಯಾಪದ: ಬೆನಿಫಿಟ್. ವಿಶೇಷಣ: ಬೆನಿಫಿಶಿಯಲ್. ಕ್ರಿಯಾವಿಶೇಷಣ: ಬೆನಿಫಿಶಿಯಲಿ.
ಸಮಾನಾರ್ಥಕ: ಅಡ್ವಾಂಟೇಜ್.
ವಾಕ್ಯ: ‘ಸ್ಮಾಲ್ ಫಾರ್ಮರ್ಸ್ ಬೆನಿಫಿಟೆಡ್ ಆಫ್ ದ ಸ್ಕೀಮ್’. ‘ದ ಸ್ಕೀಮ್ ಈಸ್ ಬೆನಿಫಿಶಿಯಲ್ ಟು ಸ್ಮಾಲ್ ಫಾರ್ಮರ್ಸ್’.

ಶಾಲ್ಮಲಾ ಧಾರವಾಡ

ಖಾನೆಗಳು ಛಲೋ ಆಗ್ಯಾವ್ರಿ. ವಾಕ್ಯದೊಳಗ ಒಂದು ತಿದ್ದುಪಡಿ: ಬೆನಿಫಿಟ್ ಕ್ರಿಯಾಪದಕ್ಕೆ ನಂಟ ‘ಫ್ರಂ’, ‘ಆಫ್’ ಅಲ್ಲ. ‘ಬೆನಿಫಿಟೆಡ್ ಫ್ರಂ ದ ಸ್ಕೀಮ್’. ‘ಯೋಜನೆಯಿಂದ’ ಅನ್ನುವ ನಮ್ಮ ‘ಇಂದ’ವೇ ದಾರಿ ತೋರಿಸುತ್ತೆ. ಕಾಗುಣಿತವನ್ನೂ ಪುಟಕ್ಕೆ ಸೇರಿಸಿ. ಬೆನಿಫಿಟೆಡ್‌ಗೆ ಸಾಮಾನ್ಯವಾಗಿ ಒಂದೇ ಟಿ, ಯಾಕಂದರೆ ಒತ್ತು ಮೊದಲ ಅಕ್ಷರದ ಮೇಲಿದೆ. ಕಮಿಟ್‌ಗೆ ಒತ್ತು ಕೊನೆಯಲ್ಲಿ, ಅದಕ್ಕೇ ಕಮಿಟೆಡ್‌ಗೆ ಎರಡು ಟಿ.

ಮಲೆನಾಡ ಮೇಷ್ಟ್ರು

ಅಡ್ವಾಂಟೇಜ್ ಅನ್ನು ಹಾಗೇ ಬಿಡಿಯಾಗಿ ಬಿಡಬೇಡಿ ಸರ್. ಬೆನಿಫಿಟ್ ನಮಗೆ ದಕ್ಕಿದ ಒಳಿತು, ಅಡ್ವಾಂಟೇಜ್ ಇನ್ನೊಬ್ಬರಿಗಿಂತ ನಮಗಿರುವ ಮೇಲುಗೈ. ಅದಕ್ಕೇ ಅದರ ನಂಟ ‘ಓವರ್’. ಎತ್ತರದ ಆಟಗಾರನಿಗೆ ಗಿಡ್ಡನ ಮೇಲಿರುವುದು ಅಡ್ವಾಂಟೇಜ್. ಫಲಾನುಭವಿಗೆ ಪಿಂಚಣಿಯಿಂದ ಸಿಗುವುದು ಬೆನಿಫಿಟ್. ಆ ಸಾಲು ಅಳಿಸಿ ‘ಅಡ್ವಾಂಟೇಜ್ ಓವರ್’ ಅಂತ ಬರೆಸಿ, ಆದರೆ ಇವತ್ತಲ್ಲ, ಮೂರು ವಾರ ಬಿಟ್ಟು.